ಅರವತ್ತೊಂದನೆಯ ನುಡಿ

ಮುದಗಲ್ಲ
12-6-2023

ಅಮರೇಶಣ್ಣಾರಿಗೆ ಸುಂದರಾಬಾಯಿ ಮಾಡುವ ಶರಣು.

ಇಲ್ಲಿ ನಾವೆಲ್ಲ ಆರಾಮ. ನಿಮ್ಮ ಆರೋಗ್ಯದ್ದು ಬರೀರಿ. ಫೋನ್ ಮಾಡಿ ಮಾಡಿ ಸಾಕಾತು. ಪ್ರತಿ ಸಲ ನಿಮ್ಮ ಮಗಳು ಸುವರ್ಣಾನ ಎತ್ತತಾಳ. ‘ಅಪ್ಪ ಮಲಗ್ಯಾರ ಅತ್ತಿ’, ‘ಅಪ್ಪ ಕೆಳಗ ಹೋಗ್ಯಾರ ಅತ್ತಿ’. ನಾಕು ತಿಂಗಳಿಂದ ಇದ ಆಗೇತಿ. ಅಷ್ಟು ನಿದ್ದಿ ಮಾಡೂ ಮನಶ್ಯಾ ನೀವಲ್ಲ. ಅದಕ್ಕ ಪತ್ರ ಬರಿಯಾಕತ್ತೀನಿ. ಏಳನೇ ಇಯತ್ತೆಗೆ ಬಿಟ್ಟ ಅಕ್ಷರ, ತಪ್ಪಿದ್ರ ತಿದ್ದಿ ಓದ್ರಿ.

ಕೆಮ್ಮಿಗೆ ತೋರಿಸ್ಕೊಂಡು ಎಂಟು ದಿನದಾಗ ಬರ್ತೀನಿ ಅಂತ ಹೇಳಿ ಫೆಬ್ರವರಿಯೊಳಗ ಹೈದರಾಬಾದ್ ಬಸ್ ಹತ್ತಿದವರು ನೀವು. ನೀವು ಬಡಕೋತ ಹಾಡೂ ದಪ್ಪು ನಮ್ಮ ಪಡಸಾಲ್ಯಾಗ ಗೂಟಕ್ಕ ಜೋತು ಬಿದ್ದೈತಿ. ಸಂತ್ಯಾಗ, ಹೋಟೆಲ್‌ನ್ಯಾಗ ಮಂದಿ ಕೇಳತಾರ, ‘ಅಮರೇಶಪ್ಪನ ಹಾಡು ಎಂದು?’ ಅಂತ. ಏನ ಹೇಳ್ಲಿ? ನಮ್ಮಣ್ಣ ಮೌನಪ್ಪ ತೀರಿದ ಮ್ಯಾಲ ಮೇಳದಾಗ ಉಳದವರು ನಾವಿಬ್ಬರ.

ಸುದ್ದಿ ಏನಂದ್ರ, ವಿಶ್ವವಿದ್ಯಾಲಯದಿಂದ ಚೇತನಕುಮಾರ ಅನ್ನೂ ಮಾಸ್ತರು ಬಂದಿದ್ದರು. ಗೀಗೀ ಪದ ರೆಕಾರ್ಡ್ ಮಾಡಿ ಇಡಾಕತ್ತಾರಂತ. ಹರಗೋಲ ಹನುಮವ್ವನ ಪದ ಪೂರ್ತಿ ಬರೂದು ಈ ಸೀಮಿಯೊಳಗ ನಿಮಗೊಬ್ಬರಿಗೇ ಅಂತ ಯಾರೋ ಅವರಿಗೆ ಹೇಳ್ಯಾರ. ಖರೇನ ಐತಿ. ನಿಮ್ಮ ಗುರು ಸುಬ್ಬರಾಯ ಮಾಸ್ತರು ನಿಮಗ ಬಿಟ್ಟು ಯಾರಿಗೂ ಕೊಡಲಿಲ್ಲ. ನೂರಾ ಹತ್ತು ನುಡಿ. ನೀವು ಪೂರ್ತಿ ಹಾಡಿದ್ದ ನಾಕೈದು ಸಲ. ನಾ ಹಿಂದ ತುಂತುಣಿ ತಂತಿ ಮೀಟಕೋತ ಗೀಯ ಗೀಯ ಅಂದಾಕಿ, ಅಲ್ಲೊಂದು ಇಲ್ಲೊಂದು ನುಡಿ ನೆನಪೈತಿ, ಸಾಲಾಗಿ ಬರಂಗಿಲ್ಲ.

ಆಗಸ್ಟಿನ್ಯಾಗ ರೆಕಾರ್ಡ್ ಇಟ್ಟಾರ. ಬರ್ರಿ.

ಸುಂದರಾಬಾಯಿ


ಮೆಹದಿಪಟ್ಟಣಂ, ಹೈದರಾಬಾದ್
28-6-2023

ತಂಗಿ ಸುಂದರಾಬಾಯಿಗೆ ಶರಣು.

ಪತ್ರ ಮುಟ್ಟಿತು. ಆರಾಮ ಅದೀನಿ. ಕೆಮ್ಮು ಹೋತು. ಈಗ ಕಿವಿ ಮಂದ ಆಗ್ಯಾವ. ಫೋನಿನ್ಯಾಗ ಏನೂ ಕೇಳಿಸಂಗಿಲ್ಲ. ಪತ್ರಾನ ಚಲೋ.

ಆಗಸ್ಟಿಗೆ ಬರಾಕ ಆಗಂಗಿಲ್ಲ.

ಇಲ್ಲಿ ಮನಿ ಮೂರನೇ ಮಾಳಿಗಿ ಮ್ಯಾಲ ಐತಿ. ಕಿಡಕಿಯಿಂದ ಬಸ್‌ಗಳು ಕಾಣತಾವ. ಮುಂಜಾನೆ ಕುಂತು ನೋಡತೀನಿ. ಅಳಿಯ ಮಹೇಶಕುಮಾರ ಬ್ಯಾಂಕಿಗೆ ಹೋಗತಾನ, ಸುವರ್ಣಾ ಸಾಲ್ಯಾಗ ಪಾಠ ಹೇಳಾಕ ಹೋಗತಾಳ. ಮನ್ಯಾಗ ನಾ ಒಬ್ಬನ. ತೊಂದರಿ ಏನಿಲ್ಲ. ಸಂಜಿಕ ರೈತು ಬಜಾರಿಗೆ ಹೋಗಿ ಕಾಯಿಪಲ್ಲೆ ತರ್ತೀನಿ. ತೆಲುಗು ಬರಂಗಿಲ್ಲ, ಬೊಟ್ಟು ಮಾಡಿ ತೋರಿಸಿದ್ರ ಕೊಡತಾರ.

ದಪ್ಪಿಗೆ ಬಿಸಲು ತೋರಸು. ಮಳಿಗಾಲ, ತೊಗಲು ಸಡಲ ಆಗತೈತಿ.

ಅಮರೇಶಪ್ಪ


ಮುದಗಲ್ಲ
20-7-2023

ಅಮರೇಶಣ್ಣಾರಿಗೆ ಶರಣು.

ಕಿವಿ ಮಂದ ಆದ್ರ ಹಾಡಾಕ ಏನ ಅಡ್ಡಿರಿ? ದನಿ ಇರೂದು ಕೊಳ್ಳಾಗ, ಕಿವಿಯಾಗ ಅಲ್ಲ. ನಾ ನಿಮ್ಮ ಹಿಂದ ಕುಂದರ್ತೀನಿ. ಬೆನ್ನ ಮ್ಯಾಲ ಬೆರಳಿಲೆ ತಾಳ ಹಾಕತೀನಿ. ನೀವು ಕಣ್ಣ ಮುಚ್ಚಿ ಪದ ಎತ್ತ್ರಿ, ಸಾಕು. ಹನುಮವ್ವ ತಾನ ಹೊಳಿ ದಾಟಸ್ತಾಳ.

ಚೇತನಕುಮಾರ ಮಾಸ್ತರಿಗೆ ಹೇಳಿದೆ. ನೀವು ಬರಾಕ ಆಗದಿದ್ರ ಅವರ ಮಷೀನ್ ತಗೊಂಡು ಹೈದರಾಬಾದಿಗೆ ಬರ್ತಾರಂತ. ನಾನೂ ಕೂಡಿ ಬರ್ತೀನಿ. ನಿಮ್ಮ ವಿಳಾಸ ಕೊಟ್ಟೀನಿ. ಇನ್ನ ನೆವ ಹೇಳಾಕ ದಾರಿ ಇಲ್ಲ ನಿಮಗ!

ಶೇಂಗಾ ಹಿಂಡಿ ಕುಟ್ಟಿಸಿ ಇಟ್ಟೀನಿ. ಬರೂವಾಗ ತರ್ತೀನಿ.

ಸುಂದರಾಬಾಯಿ


ಮೆಹದಿಪಟ್ಟಣಂ
2-8-2023

ಸುಂದ್ರವ್ವಾ,

ಇದನ್ನ ಅಂಚೆಗೆ ಹಾಕತೀನೋ ಇಲ್ಲೋ ಗೊತ್ತಿಲ್ಲ. ಬರೀತೀನಿ.

ಕಿವಿ ಮಾತು ಸುಳ್ಳು. ಕಿವಿ ಚಲೋ ಅದಾವ. ಗಂಟಲದಾಗ ಗಂಟು ಇತ್ತು. ಕ್ಯಾನ್ಸರ್ ಅಂದ್ರು. ಮಾರ್ಚ್ ಹದಿನೇಳಕ್ಕ ದನಿಪೆಟ್ಟಿಗಿ ಪೂರ್ತಿ ತಗದ್ರು. ಕೊಳ್ಳಾಗ ಒಂದು ತೂತು ಐತಿ, ಅದರಿಂದ ಉಸಿರಾಡತೀನಿ. ಮಾತು ಇಲ್ಲ. ಇನ್ನ ಬರಂಗೂ ಇಲ್ಲ. ಸುವರ್ಣಾ ಒಂದು ಪಾಟಿ ತಂದು ಕೊಟ್ಟಾಳ, ನೀರು ಬೇಕಾದ್ರ ‘ನೀರು’ ಅಂತ ಬರೀತೀನಿ. ವಾಸನಿನೂ ತಿಳಿಯಂಗಿಲ್ಲ. ಒಗ್ಗರಣಿ ಹಾಕಿದ್ದು ಕಣ್ಣಿಲೆ ನೋಡಿದ್ರ ಗೊತ್ತು.

ಆಪರೇಶನ್ ಮೊದಲ ಡಾಕ್ಟರು ಸುವರ್ಣಾಗ ಕೇಳಿದ್ರು, ‘ಇವರು ಏನ ಕೆಲಸ ಮಾಡತಾರ?’ ಒಕ್ಕಲತನ ಅಂದಳು. ನಾನೂ ಗೋಣು ಹಾಕಿದೆ. ಆಮ್ಯಾಲ ಕೇಳಿದೆ, ಯಾಕ ಹಂಗಂದಿ ಅಂತ. ‘ಹಾಡವರು ಅಂದ್ರ ಅವರ ಕೈ ನಡುಗೀತು ಅಂತ ಅಂಜಿಕಿ ಆತಪ್ಪ’ ಅಂದಳು.

ದುಃಖ ಆಗೇತಿ ಅಂತ ತಿಳಿಬ್ಯಾಡ. ಆಗಬೇಕಿತ್ತು. ಕಾದೀನಿ, ಬಂದಿಲ್ಲ. ಹಲ್ಲು ಕೀಳೂವಾಗ ಸೂಜಿ ಚುಚ್ಚತಾರಲ್ಲ, ಆಗ ವಸಡು ಹೆಂಗ ಇರತೈತಿ, ಹಂಗ ಅದೀನಿ. ನಾನ ಮುಟ್ಟಿದ್ರೂ ಯಾರದೋ ಅನಸತೈತಿ.

ಈ ಕಟ್ಟಡದ ಮಕ್ಕಳು ನನಗ ‘ಮೂಗ ತಾತ’ ಅಂತಾರ. ಹುಟ್ಟಾ ಮೂಗ ಅಂತ ತಿಳದಾರ. ಮೊದಲ ಸಲ ಕೇಳಿದಾಗ ಸುವರ್ಣಾ ಬೈಯಾಕ ಹೋದಳು. ನಾ ಕೈ ಮಾಡಿ ಬ್ಯಾಡ ಅಂದೆ. ಅವು ಕರದ್ರ ನನಗ ಹಗುರ ಅನಸತೈತಿ. ಇಲ್ಲಿ ನನ್ನ ದನಿ ಯಾರೂ ಕೇಳಿಲ್ಲ.

ಓದಿ ನೋಡಿದೆ. ಹಾಕಂಗಿಲ್ಲ. ನಾಳೆ ಬ್ಯಾರೆ ಬರೀತೀನಿ.


ಮೆಹದಿಪಟ್ಟಣಂ
3-8-2023

ತಂಗಿ ಸುಂದರಾಬಾಯಿಗೆ ಶರಣು.

ಯಾರೂ ಇಲ್ಲಿಗೆ ಬರೂದು ಬ್ಯಾಡ. ಮಾಸ್ತರಿಗೆ ಹೇಳು. ಮಗಳ ಮನಿ, ಅವರಿಗೆ ತೊಂದರಿ.

ಹನುಮವ್ವನ ಪದ ನೀ ಹಾಡು. ನಾ ಬರದು ಕಳಸ್ತೀನಿ. ಇದರ ಕೂಡ ಇಪ್ಪತ್ತು ನುಡಿ ಇಟ್ಟೀನಿ. ಮೊದಲನೇದು ನಿನಗ ಗೊತ್ತೈತಿ, ಆದ್ರೂ ಬರದೀನಿ.

ಕೃಷ್ಣಿ ತುಂಬಿ ಬಂದಾಳ ಕೆಂಪು ಸೀರಿ ಉಟ್ಟಾಳ
ನಡುಗಡ್ಡಿ ಮಂದಿಗೆ ಕರಿ ಕಳಸ್ಯಾಳ
ಹರಗೋಲ ನಡಸಾಕ ಗಂಡ ಇಲ್ಲ ಮನಿಯಾಗ
ಹುಟ್ಟ ಹಿಡದಾಳ ಹನುಮವ್ವ

‘ಉಟ್ಟಾಳ’ ಅನ್ನೂವಲ್ಲಿ ಉಸಿರು ಬಿಡಬ್ಯಾಡ. ಎರಡನೇ ಸಾಲಿನ ತನಕ ಹಿಡದು ಒಯ್ಯಿ. ಜಗ್ಗಬ್ಯಾಡ. ಹೊಳಿ ಜಗ್ಗಂಗಿಲ್ಲ, ತಾನ ಬರತೈತಿ ಅಂತ ಗುರುಗಳು ಅಂತಿದ್ರು.

ದಪ್ಪು ನೀನ ಇಟಗೋ.

ಅಮರೇಶಪ್ಪ


ಮುದಗಲ್ಲ
15-9-2023

ಅಮರೇಶಣ್ಣಾರಿಗೆ.

ನುಡಿ ಬಂದಾವ. ಓದಿ ಟ್ರಂಕಿನ್ಯಾಗ ಇಟ್ಟೀನಿ. ನಾ ಹಿಮ್ಮೇಳದಾಕಿ. ನನ್ನಿಂದ ಮುಮ್ಮೇಳ ಆಗಂಗಿಲ್ಲ. ಯಾರ ಹಾಡು ಯಾರು ಹಾಡೂದ್ರಿ? ಮಾಸ್ತರು ನಿಮ್ಮ ಸಲುವಾಗಿ ತಾರೀಖು ಮುಂದ ಹಾಕ್ಯಾರ, ನವೆಂಬರ್ ಅಂತ.

ಮತ್ತೊಂದು ಮಾತು. ಲಿಂಗಸೂಗೂರಿಗೆ ರೇಷನ್ ಕಾರ್ಡಿನ ಕೆಲಸಕ್ಕ ಹೋಗಿದ್ದೆ. ಅಲ್ಲಿ ಬಸವಲಿಂಗಪ್ಪ ಕ್ಲಾರ್ಕ ಅಂದ, ‘ನಿಮ್ಮ ಅಮರೇಶಪ್ಪ ತನ್ನ ಹೆಸರ ಇಲ್ಲಿಂದ ತಗಸ್ಯಾನಲ್ಲ, ತೆಲಂಗಾಣದಾಗ ಹಾಕಿಸ್ಕೊಂಡಾನ.’ ನಾ ಸುಳ್ಳು ಅಂದೆ. ಕಂಪ್ಯೂಟರ್ ತಿರುಗಿಸಿ ತೋರಿಸಿದ. ನಿಮ್ಮ ಹೆಸರ ಇದ್ದಲ್ಲಿ ಏನೂ ಇರಲಿಲ್ಲ.

ಹಂಗಂದ್ರ ದಪ್ಪು ನೀನ ಇಟಗೋ ಅಂದಿದ್ದು ಅದಕ್ಕ ಅನ್ರಿ. ಹೋಗೂದಿದ್ರ ಹೇಳಿ ಹೋಗಬೇಕಿತ್ತು. ಕೆಮ್ಮಿನ ನೆವ ಯಾಕ?

ಸುಂದರಾಬಾಯಿ


ಮೆಹದಿಪಟ್ಟಣಂ
2-10-2023

ತಂಗಿ ಸುಂದರಾಬಾಯಿಗೆ ಶರಣು.

ಹೆಸರ ತಗಿಸಿದ್ದು ಖರೆ.

ಇಪ್ಪತ್ತೊಂದರಿಂದ ಅರವತ್ತರ ತನಕ ಇಟ್ಟೀನಿ. ಮೂವತ್ನಾಕನೇ ನುಡಿಯೊಳಗ ಹನುಮವ್ವ ಮೂರನೇ ಸಲ ಮಂದಿ ದಾಟಿಸಿ ಬಂದು ಕೈಯಾಗಿನ ಬೊಬ್ಬಿ ನೋಡಿಕೋತಾಳ. ಅಲ್ಲಿ ದಪ್ಪು ನಿಲ್ಲಸು. ಬರೇ ತುಂತುಣಿ ಇರ್ಲಿ. ಉಸಿರು ‘ಬೊಬ್ಬಿ’ ಆದ ಮ್ಯಾಲ ತಗೋ, ಮೊದಲ ಅಲ್ಲ.

ಇಲ್ಲಿ ಮಳಿ ನಿಂತೈತಿ.

ಅಮರೇಶಪ್ಪ


ಮುದಗಲ್ಲ
19-11-2023

ಅಮರೇಶಪ್ಪನವರಿಗೆ.

ನಿಮ್ಮ ಫೋಟೋ ನೋಡಿದೆ. ಮುದಗಲ್ಲ ಎಲ್ಲಾ ನೋಡೇತಿ. ಯಾರೋ ವಾಟ್ಸಾಪಿನ್ಯಾಗ ಬಿಟ್ಟಾರ. ಕೊಂಡಾಪುರದಾಗ ಕನ್ನಡದವರ ರಾಜ್ಯೋತ್ಸವ. ಕೊಳ್ಳಿಗೆ ಶಾಲು ಸುತ್ತಿಕೊಂಡು, ಮೈಸೂರು ಪೇಟ ಇಟ್ಟಕೊಂಡು, ಕೈಯಾಗ ಮೈಕ್ ಹಿಡಕೊಂಡು ನಿಂತೀರಿ. ‘ಖ್ಯಾತ ಜಾನಪದ ಗಾಯಕ’ ಅಂತ ಹಿಂದ ಬ್ಯಾನರ್. ಅಲ್ಲಿ ಹಾಡಾಕ ಕಿವಿ ಅಡ್ಡ ಬರಲಿಲ್ಲ. ಅಲ್ಲಿ ಮಂದಿ ಕರದ್ರ ಹೋಗಾಕ ಕಾಲು ಅದಾವ.

ಅದರ ಮರುವಾರ ಇಲ್ಲಿ ರೆಕಾರ್ಡ್ ಇತ್ತು. ನೀವು ಬರತೀರಿ ಅಂತ ಬಾಗಲಾ ನೋಡಕೋತ ಮಾಸ್ತರು ಮಧ್ಯಾಹ್ನದ ತನಕ ಕುಂತಿದ್ರು. ಕಡೀಕ ಊಟ ಮಾಡಿ ಮಷೀನ್ ಕಟಗೊಂಡು ಹೋದ್ರು. ನಾ ಹಾಡಲಿಲ್ಲ.

ಇನ್ನ ನುಡಿ ಕಳಸಬ್ಯಾಡ್ರಿ. ನಾನೂ ಬರಿಯಂಗಿಲ್ಲ.

ಸುಂದರಾಬಾಯಿ


ಮುದಗಲ್ಲ
26-2-2024

ಅಮರೇಶಣ್ಣಾರಿಗೆ ಶರಣು.

ಬರಿಯಂಗಿಲ್ಲ ಅಂದಿದ್ದೆ, ಬರಿಯಾಕತ್ತೀನಿ.

ನಮ್ಮಣ್ಣನ ಮಗಳು ಅಹಲ್ಯಾ ದಿಲ್‌ಸುಖ್‌ನಗರದಾಗ ಕೋಚಿಂಗಿಗೆ ಸೇರ್ಯಾಳ. ಹಾಸ್ಟೆಲಿಗೆ ಬಿಡಾಕ ಹೋದ ವಾರ ಬಂದಿದ್ದೆ. ಇಷ್ಟು ದೂರ ಬಂದು ನೋಡದ ಹೋದ್ರ ನಮ್ಮಣ್ಣನ ಆತ್ಮ ಬೈದೀತು ಅಂತ ಎರಡು ಬಸ್ ಬದಲಿ ಮಾಡಿ ನಿಮ್ಮ ಮನಿಗೆ ಬಂದೆ. ಸುವರ್ಣಾ ಬಾಗಲಾ ತಗದು ಗಾಬರಿ ಆದಳು. ‘ಅಪ್ಪ ಗೆಳೆಯಾರ ಕೂಡ ಶ್ರೀಶೈಲಕ್ಕ ಹೋಗ್ಯಾರ ಅತ್ತಿ’ ಅಂದಳು. ಆಗಲಿ, ನನ್ನ ನಸೀಬ ಅಂದೆ.

ಚಹಾ ಕುಡದ ಮ್ಯಾಲ ಆಕಿಗೆ ಹೇಳಿದೆ, ‘ನಾ ಅರವತ್ತು ನುಡಿ ಕಲತೀನವ್ವಾ. ಸಿಟ್ಟು ಮಾಡಿ ಟ್ರಂಕಿನ್ಯಾಗ ಇಟ್ಟಿದ್ದೆ, ಸಂಕ್ರಾಂತಿ ಆದ ಮ್ಯಾಲ ತಗದೆ. ಈಗ ಹಾಡತೀನಿ, ನೀ ಕೇಳು. ನಿಮ್ಮಪ್ಪ ಬಂದ ಮ್ಯಾಲ ಹೆಂಗ ಹಾಡಿದಳು ಅಂತ ಹೇಳು.’ ತುಂತುಣಿ ಇಲ್ಲ, ದಪ್ಪಿಲ್ಲ, ತೊಡಿ ಬಡಕೋತ ಹಾಡಿದೆ. ಸುವರ್ಣಾ ಮೊದಲಿನ ನುಡಿಗೇ ಅಳಾಕ ಸುರು ಮಾಡಿದಳು. ಹೆಣ್ಣಮಕ್ಕಳಿಗೆ ಹನುಮವ್ವನ ಪದ ಹಂಗ. ನನಗ ಮನಸಿನ್ಯಾಗ ಸ್ವಲ್ಪ ಹೆಮ್ಮಿ ಆತು, ಸುಳ್ಳು ಯಾಕ ಹೇಳ್ಲಿ.

ಅರವತ್ತಕ್ಕ ನಿಲ್ಲಿಸಿದೆ. ‘ಮುಂದ ಏನಾತು ಅತ್ತಿ?’ ಅಂದಳು. ಗೊತ್ತಿಲ್ಲವ್ವಾ ಅಂದೆ. ಸೋಫಾದ ಮ್ಯಾಲ ಪಾಟಿ, ಬಳಪ ಬಿದ್ದಿದ್ವು. ಮನ್ಯಾಗೂ ಟ್ಯೂಶನ್ ಹೇಳತಾಳೇನು? ಭಾಳ ಸೊರಗ್ಯಾಳ, ನೋಡಕೋರಿ.

ಹೆಂಗ ಹಾಡಿದೆ ಅಂತ ಸುವರ್ಣಾ ಹೇಳಿದ್ರ ಒಂದು ಸಾಲು ಬರೀರಿ. ಶೇಂಗಾ ಹಿಂಡಿ ಕೊಟ್ಟು ಬಂದೀನಿ.

ಸುಂದರಾಬಾಯಿ


ಮೆಹದಿಪಟ್ಟಣಂ
8-3-2024

ಸುಂದ್ರವ್ವಾ,

ಇದರ ಕೂಡ ಇನ್ನೊಂದು ಪತ್ರ ಐತಿ. ಆಗಸ್ಟ್ ಎರಡನೇ ತಾರೀಖಿಂದು. ಬರದು ಹಾಕದ ಇಟ್ಟಿದ್ದೆ. ಮೊದಲ ಅದನ್ನ ಓದು, ಆಮ್ಯಾಲ ಇದನ್ನ.

ಓದಿದಿ ಅಂತ ತಿಳಿತೀನಿ.

ನಾ ಶ್ರೀಶೈಲಕ್ಕ ಹೋಗಿರಲಿಲ್ಲ. ನೀ ಕುಂತ ಜಾಗಾದಿಂದ ನಾಕು ಹೆಜ್ಜಿ, ಒಳಗಿನ ಖೋಲಿ ಬಾಗಲಾ ಮುಚ್ಚಿಕೊಂಡು ನಿಂತಿದ್ದೆ. ನಿನ್ನ ದನಿ ಮೆಟ್ಟಲ ಮ್ಯಾಲ ಕೇಳಿದ ಕೂಡಲೇ ಸುವರ್ಣಾಗ ಕೈ ಮಾಡಿ ಒಳಗ ಹೋದೆ. ಆಕಿ ಅತ್ತಿದ್ದು ಹನುಮವ್ವಗ ಅಲ್ಲ.

ಎಲ್ಲಾ ನುಡಿ ಕೇಳಿದೆ. ಮೂವತ್ನಾಕರೊಳಗ ನೀ ಉಸಿರು ‘ಬೊಬ್ಬಿ’ ಮೊದಲ ತಗೊಂಡಿ. ನನ್ನ ಕೈ ಬಾಗಲಾ ಬಡಿಯಾಕ ಎದ್ದಿತ್ತು. ಬಡಿಲಿಲ್ಲ. ಯಾಕಂದ್ರ ಬಾಗಲಾ ತಗದ್ರ ನೀ ‘ಅಣ್ಣಾ, ಹೆಂಗ ಹಾಡಿದೆ?’ ಅಂತ ಕೇಳತಿದ್ದಿ.

ಮುದಗಲ್ಲಿಗೆ ಯಾಕ ಬರಲಿಲ್ಲ ಅಂದ್ರ ಇದ ಕಾರಣ. ಅಲ್ಲಿ ಎಲ್ಲಾರೂ ನನ್ನ ದನಿ ಕೇಳ್ಯಾರ. ಅಲ್ಲಿ ಬಂದ್ರ ನಾ ದನಿ ಕಳಕೊಂಡವ. ಇಲ್ಲಿ ಬರೇ ಮೂಗ.

ರೇಷನ್ ಕಾರ್ಡು ಆಸ್ಪತ್ರಿ ಸಲುವಾಗಿ. ಇಲ್ಲಿನ ಕಾರ್ಡಿದ್ರ ಖರ್ಚು ಸರಕಾರ ನೋಡತೈತಿ ಅಂತ ಮಹೇಶಕುಮಾರ ಓಡ್ಯಾಡಿ ಮಾಡಿಸಿದ. ಎರಡೂ ಕಡೆ ಹೆಸರ ಇರಬಾರದಂತ. ಸಹಿ ಮಾಡು ಅಂದ, ಮಾಡಿದೆ. ಅವತ್ತೂ ಏನೂ ಅನಸಲಿಲ್ಲ.

ಕೊಂಡಾಪುರದ್ದು ಹೇಳತೀನಿ. ಅಲ್ಲಿನ ಹುಡುಗುರು ಬೆಂಗಳೂರು, ಮಂಗಳೂರು ಕಡ್ಯಾವ್ರು, ಒಳ್ಳ್ಯಾವ್ರು. ಹಳೇ ರೆಕಾರ್ಡ್ ಕೇಳಿ ನನ್ನ ಹುಡಿಕ್ಯಾರ. ಹಾಡಾಕ ಆಗಂಗಿಲ್ಲ, ಸುಮ್ಮನ ಕುಂದರ್ತಾರ ಅಂತ ಸುವರ್ಣಾ ಹೇಳಿದ್ದಳು. ನಿರೂಪಣೆ ಮಾಡಾಕಿಗೆ ಆ ಮಾತು ಮುಟ್ಟಿರಲಿಲ್ಲ. ಶಾಲು ಹೊದಿಸಿ ಮೈಕ್ ಕೈಯಾಗ ಕೊಟ್ಟು ‘ಎರಡು ಸಾಲು ಹಾಡಿ ಸರ್’ ಅಂದಳು. ಮುನ್ನೂರು ಮಂದಿ ಚಪ್ಪಾಳಿ ಹೊಡದ್ರು. ಆಮ್ಯಾಲ ಸುಮ್ಮನಾದ್ರು. ನಾ ಹಾಡತೀನಿ ಅಂತ ಫೋನ್ ಎತ್ತಿ ಹಿಡದ್ರು. ಆಗ ತಗದದ್ದು ಆ ಫೋಟೋ. ಮೈಕ್ ಆಕಿಗೆ ತಿರುಗಿ ಕೊಟ್ಟು ಕೆಳಗ ಇಳದೆ. ಶಾಲು ಕೊಳ್ಳಿಗೆ ಸುತ್ತಿದ್ದು ತೂತು ಕಾಣಬಾರದು ಅಂತ.

ಇಷ್ಟ.

ಅಮರೇಶಪ್ಪ


ಮುದಗಲ್ಲ
25-3-2024

ಅಮರೇಶಣ್ಣಾರಿಗೆ ಶರಣು.

ಎರಡೂ ಪತ್ರ ಓದಿದೆ. ಓದಿ ಮೂರು ದಿನ ಅಡಗಿ ಮಾಡಲಿಲ್ಲ. ಆಮ್ಯಾಲ ಸಿಟ್ಟು ಬಂತು. ಈಗೂ ಐತಿ. ಒಂಬತ್ತು ತಿಂಗಳು ನನ್ನ ಕೈಲೆ ಏನೇನೋ ಬರಿಸಿದ್ರಿ. ದನಿ ಇರೂದು ಕೊಳ್ಳಾಗ, ಕಿವಿಯಾಗ ಅಲ್ಲ ಅಂತ ನಾನ ಬರದೀನಿ. ಆ ಸಾಲು ಓದಿ ನಿಮಗ ಹೆಂಗಾಗಿರಬೇಕು. ಆ ಪತ್ರ ಇದ್ರ ಹರದು ಒಗೀರಿ.

ಒಂದು ಮಾತು ಹೇಳತೀನಿ, ಸಮಾಧಾನಕ್ಕ ಅಲ್ಲ. ಮೂವತ್ತು ವರ್ಷ ನಾ ನಿಮ್ಮ ಹಿಂದ ನಿಂತಾಕಿ. ಹಾಡೂವಾಗ ನಿಮ್ಮ ಬಾಯಿ ಒಂದು ದಿನಾನೂ ನೋಡಿಲ್ಲ. ಬೆನ್ನು ನೋಡಿ ಹಾಡೀನಿ. ನೀವು ಉಸಿರು ತಗೊಂಡ್ರ ಎಡಗಡಿ ಹೆಗಲು ಏಳತಿತ್ತು. ಅದು ಎದ್ದಾಗ ನಾ ಗೀಯ ಅಂತಿದ್ದೆ. ಹೆಗಲೇನು ಆಸ್ಪತ್ರಿಯವರು ತಗದಿಲ್ಲಲ್ಲ?

ಶುಕ್ರವಾರ ಲಿಂಗಸೂಗೂರಿಗೆ ಹೋಗಿದ್ದೆ. ಬಸವಲಿಂಗಪ್ಪ ಕ್ಲಾರ್ಕಗ ಕೇಳಿದೆ, ನಮ್ಮ ಕಾರ್ಡಿನ್ಯಾಗ ಅಮರೇಶಪ್ಪನ ಹೆಸರ ಹಾಕು ಅಂತ. ‘ನಿನಗೂ ಅವಗೂ ಸಂಬಂಧ ಏನು?’ ಅಂದ. ‘ಅವರು ಮುಮ್ಮೇಳ, ನಾ ಹಿಮ್ಮೇಳ’ ಅಂದೆ. ಅವ ನಗಲಿಲ್ಲ, ಪಾಪ. ಕಂಪ್ಯೂಟರ್ ನೋಡಿ, ‘ಗಂಡ ಐತಿ, ಅಣ್ಣ ಐತಿ, ಮಾವ ಐತಿ, ಅಂಥಾ ಸಂಬಂಧ ಇದರೊಳಗ ಇಲ್ಲವ್ವಾ’ ಅಂದ. ಔಷಧ ಮುಗಿಯೂತನಕ ಅಲ್ಲೇ ಇರ್ಲಿ ಹೆಸರ. ಹೆಸರ ಎಲ್ಲಿದ್ರೇನು.

ನಾ ಯಾರಿಗೂ ಹೇಳಿಲ್ಲ. ಹೇಳೂದು ಬಿಡೂದು ನಿಮ್ಮ ಕೆಲಸ.

ಅರವತ್ತೊಂದರಿಂದ ಬರೀರಿ. ಹನುಮವ್ವ ಹೊಳಿ ನಡಕ ನಿಂತಾಳ.

ಸುಂದರಾಬಾಯಿ


ಮೆಹದಿಪಟ್ಟಣಂ
30-5-2024

ತಂಗಿ ಸುಂದರಾಬಾಯಿಗೆ ಶರಣು.

ಏಪ್ರಿಲ್‌ನ್ಯಾಗ ಕಳಿಸಿದ ಐವತ್ತು ನುಡಿ ಇಷ್ಟು ಲಗು ಬಾಯಿಪಾಠ ಮಾಡತಿ ಅಂದಿದ್ದಿಲ್ಲ. ಚೇತನಕುಮಾರ ಮಾಸ್ತರು ನೀ ಹಾಡಿದ ರೆಕಾರ್ಡ್ ಸುವರ್ಣಾನ ಫೋನಿಗೆ ಕಳಸ್ಯಾರ. ಮೊನ್ನೆ ಐತವಾರ ಎಲ್ಲಾರೂ ಕೂಡಿ ಕೇಳಿದಿವಿ. ಎರಡು ತಾಸು ಹತ್ತು ನಿಮಿಷ.

ಮೊದಲ ತಪ್ಪು ಹೇಳತೀನಿ. ನಲವತ್ತರ ಮುಂದ ದಪ್ಪು ಓಡೇತಿ. ಎಪ್ಪತ್ತರಲ್ಲಿ ‘ಸುಳಿ’ ಅನ್ನೂದನ್ನ ಜಗ್ಗಿದಿ. ಮೂವತ್ನಾಕು ಸರಿ ಆಗೇತಿ.

ನೂರಾ ಹತ್ತನೇದು. ಏಳನೇ ಸಲ ಹನುಮವ್ವ ಒಬ್ಬ ಮುದುಕಿ ಸಲುವಾಗಿ ತಿರುಗಿ ಹೋಗತಾಳ. ಗುರುಗಳು ಹೇಳಿಕೊಟ್ಟಿದ್ದು, ನಾ ನಿನಗ ಬರದು ಕೊಟ್ಟಿದ್ದು:

ಹೋದಾಕಿ ಬರಲಿಲ್ಲ ಹೊಳಿ ಇಳದ ಮ್ಯಾಲ

ನೀ ಹಾಡಿದ್ದು:

ಹೋದಾಕಿ ಬರತಾಳ ಹೊಳಿ ಇಳದ ಮ್ಯಾಲ

ಬೇಕಂತ ಹಾಡಿದ್ಯೋ ಮರತು ಹಾಡಿದ್ಯೋ ಕೇಳಂಗಿಲ್ಲ. ನಾ ಪಾಟಿ ತಗೊಂಡು ‘ತಪ್ಪು’ ಅಂತ ಬರದು ಸುವರ್ಣಾಗ ತೋರಿಸಾಕ ಹೋದೆ. ಅಕ್ಷರ ಕಾಣಲಿಲ್ಲ. ಕಣ್ಣಾಗ ನೀರು ತುಂಬಿದ್ವು. ದನಿ ಇಲ್ಲದ ಅಳೂದು ಹೆಂಗ ಅಂತ ನನಗ ಗೊತ್ತಿರಲಿಲ್ಲ. ಮೈ ಎಲ್ಲಾ ಅಲಗಾಡತೈತಿ, ಸಪ್ಪಳ ಬರಂಗಿಲ್ಲ. ಮಹೇಶಕುಮಾರ ಅಂಜಿ ಆಸ್ಪತ್ರಿಗೆ ಫೋನ್ ಮಾಡಾಕ ಹೋಗಿದ್ದ. ಹದಿನಾಕು ತಿಂಗಳಾದ ಮ್ಯಾಲ ಸೂಜಿ ಇಳದಂಗಾತು. ಭಾಳ ನೋವಾತು. ಈಗೂ ಐತಿ.

ನುಡಿ ಹಂಗ ಇರ್ಲಿ. ತಿದ್ದಬ್ಯಾಡ. ಯಾರಾದ್ರೂ ಕೇಳಿದ್ರ ಅಮರೇಶಪ್ಪನ ಮೇಳದಾಗ ಹಿಂಗ ಹಾಡತಾರ ಅಂತ ಹೇಳು.

ಜೂನ್ ಹನ್ನೆರಡು, ಬುಧವಾರ, ಮುಂಜಾನಿ ಬಸ್ಸಿಗೆ ಹೊರಡತೀನಿ. ಸುವರ್ಣಾ ಬರ್ತೀನಿ ಅಂದಳು, ಬ್ಯಾಡ ಅಂದೀನಿ. ಕಂಡಕ್ಟರಿಗೆ ತೋರಿಸಾಕ ಒಂದು ಚೀಟಿಯೊಳಗ ಊರ ಹೆಸರ ಬರಕೊಂಡೀನಿ. ಕನ್ನಡದಾಗ ಬರದೆ, ಸುವರ್ಣಾ ಕೆಳಗ ತೆಲುಗಿನ್ಯಾಗ ಬರದಾಳ.

ಮುದಗಲ್ಲ ಬಸ್ ಸ್ಟ್ಯಾಂಡಿನ್ಯಾಗ ಇಳದ ಕೂಡಲೇ ಮಂದಿ ಹೆಸರ ಹಿಡದು ಕೂಗತಾರ. ನಾ ಓ ಅನ್ನಂಗಿಲ್ಲ. ಅವರಿಗೆ ನೀ ಮೊದಲ ಹೇಳಿ ಇಡು.

ಇಲ್ಲ, ಹೇಳಬ್ಯಾಡ. ಕೂಗಲಿ. ಕೈ ಎತ್ತತೀನಿ.

ಅಮರೇಶಪ್ಪ